ಕಂಚು ಹಿಡಿದ ಕೈ

"ಕೂತ್ಕೋ," ಎಂದಳು ದುರೋನಿಯಾ.

ಹೆಂಚಿನ ಭಟ್ಟಿಯ ಲಾರ್ತಿಯಸ್ ತನ್ನದೇ ಅಂಗಳದ ಮುಕ್ಕಾಲಿಯನ್ನು ಅನುಮಾನದಿಂದ ನೋಡಿದ. "ನಾನ್ಯಾಕಮ್ಮಾ ಕೂರ್ಲಿ? ಅವತ್ತು ನಾನು ತಕ್ಕಡಿ ಹಿಡ್ಕೊಂಡು ನಿಂತಿದ್ದೆ."

"ಈಗ ನೀನು ತಕ್ಕಡಿಯವನಲ್ಲ. ನನ್ನ ತಮ್ಮ ಕೇಸೋ. ಅವನು ಹೆಂಗೆ ಕೂತಿದ್ನೋ ಹಂಗೇ ಕೂತ್ಕೋ."

"ಸತ್ತೋರ ಥರ ಕೂರೋದಾ? ಬೆಳ್‌ಬೆಳಿಗ್ಗೆ ಅಪಶಕುನ."

"ಅವತ್ತು ಅವನು ಸತ್ತಿರ್ಲಿಲ್ಲ ಅಂತ ನೀನೇ ಅಲ್ವೇನೋ ಊರೆಲ್ಲ ಹೇಳ್ಕೊಂಡು ಬರ್ತಿರೋದು? ಕೂತ್ಕೋ."

ಲಾರ್ತಿಯಸ್ ಕೂತ. ರೋಮಿನ ಹತ್ತಿರದ ತುಸ್ಕುಲಂ ಊರಿನಲ್ಲಿ ಕೋಳಿ ಕಳೆದರೂ ಜನ ಮೊದಲು ದುರೋನಿಯಾಳ ಬಾಗಿಲು ತಟ್ಟುತ್ತಿದ್ದರು, ಅವಳು ಎದುರು ನಿಂತು ಕೂರು ಎಂದರೆ ಕೂರುವುದೇ ಲೇಸೆಂದು ಕಳ್ಳರಿಗೂ ಗೊತ್ತಿತ್ತು.

ಆದರೆ ಈ ಸಲ ಕಳೆದದ್ದು ಕೋಳಿಯಲ್ಲ, ತವರು. ಕೇಸೋನ ಒಂಬತ್ತನೇ ದಿನದ ಊಟದ ಪಾತ್ರೆ ಇನ್ನೂ ತೊಳೆದಿರಲಿಲ್ಲ, ಎಣ್ಣೆ ವ್ಯಾಪಾರಿ ಸಿಕಿನಿಯಸ್ ಬಾಗಿಲಿಗೆ ಬಂದು ನಿಂತಿದ್ದ. ಸಾಯುವ ದಿನ ಬೆಳಿಗ್ಗೆಯೇ ಕೇಸೋ ತನಗೆ ಆಲಿವ್ ತೋಟ, ಮನೆ ಎರಡನ್ನೂ ಮಾರಿದ್ದಾನೆ, ಐದು ಜನ ಸಾಕ್ಷಿಯಿದ್ದಾರೆ, ತಕ್ಕಡಿ ಹಿಡಿದವನಿದ್ದಾನೆ ಎಂದಿದ್ದ. ಕೇಸೋನ ಮಗಳು ಪೌಲ್ಲಾ ಸೌಟು ಹಿಡಿದುಕೊಂಡೇ ಹೊರಗೆ ಬಂದು, ಹೊಸ್ತಿಲು ತುಳಿದರೆ ಕಾಲು ಮುರಿಯುತ್ತೇನೆ ಎಂದಿದ್ದಳು. ಇವತ್ತು ಮಧ್ಯಾಹ್ನ ಊರಿನ ಅಧಿಕಾರಿಯ ಮುಂದೆ ತೀರ್ಮಾನ. ಸೋತರೆ ಪೌಲ್ಲಾ ಉಟ್ಟ ಬಟ್ಟೆಯಲ್ಲಿ ಬೀದಿಗೆ ಬರಬೇಕು.

ತಲೆನೋವೆಂದರೆ ಆ ಐದು ಜನರೂ ಸಂಭಾವಿತರು. ತಕ್ಕಡಿ ಹಿಡಿದ ಲಾರ್ತಿಯಸ್ಸಂತೂ ಒಡೆದ ಹೆಂಚನ್ನು ಒಡೆದದ್ದು ಎಂದು ಹೇಳಿಯೇ ಮಾರುವವನು.

"ಹೇಳು. ಎಲ್ಲಿ ಕೂತಿದ್ದ?"

"ಒಲೆ ಮುಂದೆ. ನಮ್ಗೆ ಬೆನ್ನು. ತಲೆ ಮೇಲಿಂದ ಹೊದ್ಕೊಂಡಿದ್ದ. ಜ್ವರ ಬಂದಿದೆ, ಚಳಿ ತಡೆಯೋಕಾಗ್ತಿಲ್ಲ, ಹತ್ರ ಬರ್ಬೇಡಿ ಅಂದ ಸಿಕಿನಿಯಸ್."

"ಮುಖ?"

"ನೋಡ್ಲಿಲ್ಲ. ಕೈ ನೋಡಿದೆ. ಬೆರಳಲ್ಲಿ ಕೇಸೋನ ಉಂಗುರ ಇತ್ತು. ಅಮ್ಮಾ, ಮನೆ ಅವನದು, ಕುರ್ಚಿ ಅವನದು, ಉಂಗುರ ಅವನದು. ಮುಸುಕು ಎಳೆದು ನೋಡೋಕೆ ನಾನೇನು ಮದುವೆ ಗಂಡೇ?"

"ಏನು ಮಾತಾಡಿದ?"

"ಸಿಕಿನಿಯಸ್ಸಾ? ಎಂದಿನ ಮಾತೇ. ಈ ತೋಟ ಈ ಮನೆ ರೋಮಿನ ಪ್ರಜೆಯ ಹಕ್ಕಿನಿಂದ ನನ್ನದು ಅಂತ ಹೇಳ್ತೀನಿ, ಈ ಕಂಚಿನಿಂದ, ಈ ತಕ್ಕಡಿಯಿಂದ ನಾನು ಕೊಂಡದ್ದಾಗಲಿ ಅಂದ. ಕಂಚಿನ ತುಂಡಿಂದ ತಕ್ಕಡಿ ತಟ್ಟೆಗೆ ಬಡಿದ. ತುಂಡನ್ನ ಕೇಸೋನ ಅಂಗೈಗಿಟ್ಟ."

"ನಾನು ಕೇಳಿದ್ದು ಕೇಸೋ ಏನು ಮಾತಾಡಿದ ಅಂತ."

ಲಾರ್ತಿಯಸ್ ಕಣ್ಣು ಬಿಟ್ಟ. "ಮಾರೋನು ಯಾಕಮ್ಮಾ ಮಾತಾಡ್ತಾನೆ? ಮಾತೆಲ್ಲ ಕೊಳ್ಳೋನದು. ಮಾರೋನು ಸುಮ್ನೆ ಕೂತು ಕಂಚು ಇಸ್ಕೊಂಡ್ರಾಯ್ತು. ಮೂಗನೂ ಮಾರ್ಬಹುದು."

ಅದು ನಿಜ. ಹೊಲ, ಎತ್ತು, ಆಳು, ಇವು ಕೈ ಬದಲಾಗುವುದೇ ಹಾಗೆ. ದುರೋನಿಯಾ ಚಿಕ್ಕಂದಿನಿಂದ ನೋಡಿದ್ದಾಳೆ. ಆದರೆ ಅವಳಿಗೆ ತಮ್ಮನೂ ಗೊತ್ತಿತ್ತು. ಒಂದು ಹಿಡಿ ಕಡಲೆ ಕೊಂಡರೂ ಅಂಗಡಿಯವನ ಮೂರು ತಲೆಮಾರು ಜಾಲಾಡುತ್ತಿದ್ದವನು ಕೇಸೋ. ಸ್ವಂತ ಹೆಂಡತಿಯ ಶವದ ಮುಂದೆ ನಡೆಯುತ್ತಲೇ ಕೊಳಲೂದುವವರ ಜೊತೆ ಕೂಲಿಗೆ ಜಗಳ ಆಡಿದ್ದ. ಅಂಥವನು ಅಜ್ಜ ನೆಟ್ಟ ಮರಗಳನ್ನು ಕೊಡುವಾಗ ಒಂದು ಬೈಗುಳವನ್ನೂ ಬೈಯದೆ ಕೂತಿದ್ದನೆಂದರೆ ನಂಬಲು ಅವಳೇನು ನಿನ್ನೆ ಹುಟ್ಟಿದವಳಲ್ಲ.

"ಕೆಮ್ಮಿದ್ನಾ? ನರಳಿದ್ನಾ?"

"ಇಲ್ಲ."

"ಹೊತ್ತೆಷ್ಟಾಗಿತ್ತು?"

"ಬಿಸಿಲು ಆಗ ತಾನೇ ಮಾಡಿಗೆ ಬಿದ್ದಿತ್ತು."

 ದುರೋನಿಯಾ ಮುಕ್ಕಾಲಿಯ ಮೇಲೆ ಕೂತವನ ಮೊಣಕೈಯನ್ನೇ ನೋಡಿದಳು. ಆಮೇಲೆ ಅದನ್ನು ಹಿಡಿದು ಬಗ್ಗಿಸಿದಳು, ಬಿಚ್ಚಿದಳು, ಮತ್ತೆ ಬಗ್ಗಿಸಿದಳು.

"ಏನ್ಮಾಡ್ತಿದ್ದೀರಮ್ಮಾ?"

"ಥೂ ನನ್ನ ಬುದ್ಧಿಗೆ. ಅವತ್ತು ಎಲ್ಲಿ ಮೇಯೋಕೆ ಹೋಗಿತ್ತೋ."

ಅವತ್ತು ಮಧ್ಯಾಹ್ನ ಸಿಕಿನಿಯಸ್‌ನ ಆಳು ಬಂದು, ನಿಮ್ಮ ತಮ್ಮ ಈಗ ತಾನೇ ತೀರಿಕೊಂಡರು ಎಂದಿದ್ದ. ಅವಳು ಬಿದ್ದಂಬೀಳ ಗುಡ್ಡ ಇಳಿದು ಓಡಿದ್ದಳು. ಪೌಲ್ಲಾ ಎಣ್ಣೆ ಜಾಡಿಗಳನ್ನು ಮಾರಲು ಆಳುಗಳ ಜೊತೆ ರೋಮಿಗೆ ಹೋಗಿದ್ದಳು, ಸಂಜೆಗೆ ಬಂದಳು. ಹೆಣ ತೊಳೆದದ್ದು ದುರೋನಿಯಾಳೇ. ಕೈ ಬಗ್ಗಲಿಲ್ಲ. ಬಿಸಿನೀರು ಸುರಿದು, ಎಣ್ಣೆ ಹಚ್ಚಿ ತಿಕ್ಕಿದರೂ ಮೊಣಕೈ ಮರದ ಕೊರಡಾಗಿತ್ತು. ಅವಳು ತಾಯಿಯನ್ನು ತೊಳೆದವಳು, ಅತ್ತೆಯನ್ನು, ಗಂಡನನ್ನು ತೊಳೆದವಳು. ಈಗ ತಾನೇ ಸತ್ತವರ ಮೈ ನಾದಿದ ಹಿಟ್ಟಿನ ಹಾಗೆ ಮೆತ್ತಗಿರುತ್ತದೆ. ಸೆಟೆದುಕೊಳ್ಳಬೇಕಾದರೆ ಹೊತ್ತು ಹಿಡಿಯುತ್ತದೆ.

"ಲಾರ್ತಿಯಸ್, ನೀನು ಆ ಮನೆಗೆ ಹೋಗೋ ಹೊತ್ತಿಗೆ ನನ್ನ ತಮ್ಮ ಸತ್ತಾಗಿತ್ತು. ಕೋಳಿ ಕೂಗೋಕೆ ಮುಂಚೇನೇ ಹೋಗಿದ್ದಾನೆ."

ಲಾರ್ತಿಯಸ್ ಮುಕ್ಕಾಲಿಯಿಂದ ಎದ್ದೇಬಿಟ್ಟ. ಮುಖ ಬಿಳುಚಿತು, ಆಮೇಲೆ ಕೆಂಪಾಯಿತು. "ಒಳಗೆ ಹೆಣ ಇತ್ತಾ? ನಾನು ಸೂತಕದ ಮನೇಲಿ ತಕ್ಕಡಿ ಹಿಡಿದೆನಾ?"

"ಹಿಡಿದೆ."

"ಅದೇ ಕೈಯಲ್ಲಿ ಮಾರನೇ ದಿನ ಮನೆದೇವರಿಗೆ ಧಾನ್ಯ ಹಾಕಿದ್ನಲ್ಲಮ್ಮಾ." ಅವನು ಅಂಗೈಯನ್ನು ಅಂಗಿಗೆ ಒರೆಸಿಕೊಂಡ, ಮತ್ತೂ ಒರೆಸಿಕೊಂಡ. "ಆ ಸೂಳೆಮಗನ್ನ ಭಟ್ಟಿಗೆ ಹಾಕ್ತೀನಿ."

"ಭಟ್ಟಿಗೆ ಆಮೇಲೆ ಹಾಕುವೆಯಂತೆ. ಅಧಿಕಾರಿ ಮುಂದೆ ಹೇಳ್ತೀಯಾ?"

"ಹೇಳ್ತೀನಿ. ಆದ್ರೆ ಅಮ್ಮಾ, ಆ ಕೈ ಕಂಚು ಹಿಡೀತು. ನನ್ನ ಕಣ್ಣಾರೆ ನೋಡಿದೀನಿ. ಬೆರಳು ಒಂದೊಂದಾಗಿ ಮುಚ್ಚಿಕೊಂಡ್ವು. ಅದು ಹೆಣದ ಕೈಯಲ್ಲ."

"ಬಾಡಿಗೆಗೆ ತಂದ ಯಾವನೋ ಕಟುಕ, ಯಾವನೋ ಕತ್ತೆ ಕಾಯೋನು. ಅಂಥೋರಿಗೇನು ಬರವೇ?"

ಇಲ್ಲಿ ದುರೋನಿಯಾ ಎಡವಿದಳು. ಗೆಲುವು ಕಣ್ಣಿಗೆ ಬಿದ್ದರೆ ಜಾಣರೂ ಕಾಲ ಕೆಳಗೆ ನೋಡುವುದಿಲ್ಲ.

ದಾರಿಯಲ್ಲಿ ಪೌಲ್ಲಾ ಸಿಕ್ಕಳು. ಕಂಕುಳಲ್ಲಿ ಬುಟ್ಟಿ, ಬುಟ್ಟಿಯಲ್ಲಿ ತೋಟದಿಂದ ಅಗೆದ ಮಣ್ಣಿನ ಹೆಂಟೆ. ಭೂಮಿಯ ವ್ಯಾಜ್ಯಕ್ಕೆ ಹೋಗುವವರು ಆ ಭೂಮಿಯ ಒಂದು ಹೆಂಟೆ ಒಯ್ಯಬೇಕು, ಅದರ ಮೇಲೆ ಕೋಲು ಇಟ್ಟು ನನ್ನದು ಎನ್ನಬೇಕು. ಹುಡುಗಿಯ ಉಗುರಿನಲ್ಲೆಲ್ಲ ಮಣ್ಣು. ಹಿಂದೆ ಕೋಲೂರಿಕೊಂಡು ಅವಳ ಪಾಲಕ, ದೂರದ ದಾಯಾದಿ ಮುದುಕ, ಏದುಸಿರು ಬಿಡುತ್ತ ಬರುತ್ತಿದ್ದ. ಹೆಣ್ಣು ಆಸ್ತಿಯ ಮಾತಾಡಬೇಕಾದರೆ ಮನೆತನದ ಗಂಡಸೊಬ್ಬ ಹೂಂ ಎನ್ನಬೇಕಲ್ಲ. ಆ ಹೂಂಗೋಸ್ಕರ ಅವನಿಗೆ ಬೆಳಿಗ್ಗೆಯಿಂದ ಗಿಣ್ಣು, ಅಂಜೂರ ತಿನ್ನಿಸಿ ಎಚ್ಚರವಾಗಿಟ್ಟಿದ್ದಳು.

"ಇಷ್ಟು ದೊಡ್ಡ ಹೆಂಟೆ ಯಾಕೇ? ಒಂದು ಹಿಡಿ ಸಾಕಿತ್ತು."

"ಕಮ್ಮಿ ಯಾಕೆ ತರ್ಲಿ ಅತ್ತೆ? ಎಲ್ಲ ನಂದೇ." ಪೌಲ್ಲಾ ಬುಟ್ಟಿ ಬದಲಾಯಿಸಿಕೊಂಡಳು. "ಅಪ್ಪ ಮೊಣಕಾಲು ನೋವು ಅಂತ ಕೂತಾಗಿಂದ ಏಣಿ ಹತ್ತಿ ಟೊಂಗೆ ಸವರಿದ್ದು ನಾನು. ಆ ಸಿಕಿನಿಯಸ್‌ಗೆ ಒಂದು ಟೊಂಗೆ ಹೆಸರು ಗೊತ್ತಾ?"

ದುರೋನಿಯಾ ಎಲ್ಲ ಹೇಳಿದಳು. ಪೌಲ್ಲಾ ಅಳಲಿಲ್ಲ. ಹಲ್ಲು ಕಚ್ಚಿ ಕೇಳಿದಳು. ಆಮೇಲೆ, "ನೀನು ಬಂದಾಗ ಅಪ್ಪ ಎಲ್ಲಿದ್ದ?" ಎಂದಳು.

"ನೆಲದ ಮೇಲೆ ಮಲಗಿಸಿದ್ರು. ಕಣ್ಣು ಮುಚ್ಚಿತ್ತು."

"ನೀನು ಮುಚ್ಚಿದ್ದಲ್ವಾ?"

"ಇಲ್ಲ. ನಾ ಬರೋಷ್ಟರಲ್ಲೇ ಮುಚ್ಚಿತ್ತು."

"ನಾನಂತೂ ಅಲ್ಲ. ಹಂಗಾದ್ರೆ ಯಾರು?"

"ಸಿಕಿನಿಯಸ್ ಇರ್ಬೇಕು."

"ಸಿಕಿನಿಯಸ್ಸಾ?" ಪೌಲ್ಲಾ ನಿಂತಳು. "ರಕ್ತಸಂಬಂಧ ಇಲ್ದೋನು ಸತ್ತವರ ಕಣ್ಣು ಮುಟ್ತಾನಾ ಅತ್ತೆ? ಎಂಥಾ ಕಳ್ಳನೂ ಮುಟ್ಟಲ್ಲ."

ಮುಟ್ಟುವುದಿಲ್ಲ. ಮನೆಯವರಿಲ್ಲದೆ ಸತ್ತವರು ಮನೆಯವರು ಬರುವ ತನಕ ಕಣ್ಣು ಬಿಟ್ಟುಕೊಂಡೇ ಇರುತ್ತಾರೆ. ದುರೋನಿಯಾಗೂ ಅದು ಗೊತ್ತು. ಆದರೆ ಮುದುಕ ದಾಯಾದಿ ಒಂದು ಕಟ್ಟೆ ಕಂಡು ಕೂರಲು ಹೊರಟಿದ್ದ, ಬಿಸಿಲು ಏರಿತ್ತು, ಅಧಿಕಾರಿ ಕಾಯುವವನಲ್ಲ. "ಮನೆಯೋರು ಅಂತ ಇನ್ಯಾರಿದ್ದಾರೆ ನಡಿಯೇ," ಎಂದಳು.

ಇದ್ದರು ಒಂದು ಕಾಲಕ್ಕೆ. ಪೌಲ್ಲಾಳ ಅಣ್ಣ ಮಾನಿಯಸ್, ದುರೋನಿಯಾಳ ಒಬ್ಬನೇ ಮಗ ವೀಬಿಯಸ್, ಇಬ್ಬರೂ ಒಂದೇ ದಿನ ಸಮುದ್ರದಾಚೆಯ ಹಿಸ್ಪಾನಿಯಾದ ದಂಡಿಗೆ ಹೋದವರು. ದಂಡು ಮುರಿದ ಸುದ್ದಿ ಬಂತು, ಹುಡುಗರು ಬರಲಿಲ್ಲ. ಕೇಸೋ ಮಗನಿಗೆ ಬರಿದು ಗೋರಿ ಕಟ್ಟಿಸಿ, ಕಟ್ಟಿದವನ ಜೊತೆ ಜಗಳವಾಡಿ ಸಮಾಧಾನ ಮಾಡಿಕೊಂಡ. ದುರೋನಿಯಾ ಕಟ್ಟಿಸಲಿಲ್ಲ. ಹೆಣ ನೋಡದೆ ಸತ್ತ ಎಂದು ಯಾಕೆ ಒಪ್ಪಲಿ ಎನ್ನುತ್ತಿದ್ದಳು. ಊರಿನವರು ಅದನ್ನು ಮೊಂಡುತನ ಎಂದರು.

ಚೌಕದಲ್ಲಿ ಜನ ಕೂಡಿತ್ತು. ಅಧಿಕಾರಿಗೆ ಹಲ್ಲುನೋವು, ಕೆನ್ನೆಗೆ ಬಿಸಿ ಬಟ್ಟೆ ಒತ್ತಿಕೊಂಡು ಎತ್ತರದ ಪೀಠದ ಮೇಲೆ ಕೂತಿದ್ದ. ಸಿಕಿನಿಯಸ್ ಒಗೆದ ಬಿಳಿ ಉಡುಪಿನಲ್ಲಿ ಬಂದಿದ್ದ, ಮೈಯಿಂದ ಒಳ್ಳೆ ಎಣ್ಣೆಯ ವಾಸನೆ.

"ಏನು ತಾಯಿ, ಇವತ್ತು ಯಾರ ಮನೆ ಕೋಳಿ ಹುಡುಕ್ತಿದ್ದೀರಿ?" ಎಂದ.

"ಹುಡುಕಿ ಆಯ್ತಪ್ಪ. ಕದ್ದೋನ ಬಾಯಲ್ಲಿ ಇನ್ನೂ ಗರಿ ಇದೆ," ಎಂದಳು ದುರೋನಿಯಾ. ಜನ ನಕ್ಕರು.

ಪೌಲ್ಲಾ ಹೆಂಟೆಯನ್ನು ಕಲ್ಲಿನ ಮೇಲಿಟ್ಟಳು. ಕೋಲು ತಗೊಂಡು ಅದರ ಮೇಲಿಟ್ಟು, ಚೌಕದ ಆಚೆ ತುದಿಯ ಮೀನು ಮಾರುವವರಿಗೂ ಕೇಳುವ ಹಾಗೆ ಹೇಳಿದಳು. "ಈ ತೋಟ ರೋಮಿನ ಪ್ರಜೆಯ ಹಕ್ಕಿನಿಂದ ನನ್ನದು."

ಮುದುಕ ಹೂಂ ಎಂದ.

ಸಿಕಿನಿಯಸ್ ತನ್ನ ಕೋಲನ್ನು ಎರಡು ಬೆರಳಲ್ಲಿ ಹಿಡಿದು ಹೆಂಟೆಗೆ ಮುಟ್ಟಿಸಿದ. "ನನ್ನದು," ಎಂದ ಮೆಲ್ಲಗೆ.

"ಇಬ್ಬರೂ ಬಿಡಿ. ಯಾರ ಹತ್ರ ಏನಿದೆ ಬೇಗ ಹೇಳಿ," ಎಂದ ಅಧಿಕಾರಿ.

ದುರೋನಿಯಾ ಮುಂದೆ ಬಂದಳು. ಲಾರ್ತಿಯಸ್‌ನನ್ನು ಕರೆದು ಹೊತ್ತು ಹೇಳಿಸಿದಳು, ಮುಸುಕು ಹೇಳಿಸಿದಳು, ಮೌನ ಹೇಳಿಸಿದಳು. ಆಮೇಲೆ ಸಿಕಿನಿಯಸ್ ಕಡೆ ತಿರುಗಿದಳು. "ನನ್ನ ತಮ್ಮ ಎಷ್ಟು ಹೊತ್ತಿಗೆ ಸತ್ತ?"

"ಹೇಳಿ ಕಳಿಸಿದ್ನಲ್ಲ ತಾಯಿ. ಮಧ್ಯಾಹ್ನ ತಿರುಗಿದ ಮೇಲೆ."

"ನಾನು ಬಂದಾಗ ಮೈ ಮರಗಟ್ಟಿತ್ತು. ಇಲ್ಲಿ ಹೆಣ ತೊಳೆದ ಹೆಂಗಸರು ಎಷ್ಟು ಜನ ಇದ್ದೀರಿ? ಕೈಯೆತ್ತಿ."

ಕೈಗಳು ಎದ್ದವು. ತರಕಾರಿ ಬುಟ್ಟಿ ಹಿಡಿದ ಕೈ, ಮಗು ಎತ್ತಿದ ಕೈ.

"ಈಗ ತಾನೇ ಸತ್ತ ಮೈ ಸೆಟೆದಿರುತ್ತಾ?"

"ಎಲ್ಲಿಂದ ಬಂತು? ಅರ್ಧ ದಿನ ಬೇಕು," ಎಂದಳು ಒಬ್ಬಳು. ಉಳಿದವರು ತಲೆಯಾಡಿಸಿದರು.

"ಕೇಳಿದಿರಲ್ಲ ಸ್ವಾಮಿ. ಈ ಮನುಷ್ಯ ಹೆಣವನ್ನ ಒಳಗೆ ಮಲಗಿಸಿ, ಅದರ ಉಂಗುರ ಕಳಚಿ ಬಾಡಿಗೆಯೋನ ಬೆರಳಿಗೆ ಹಾಕಿ, ಐದು ಜನ ಮರ್ಯಾದಸ್ಥರ ಕಣ್ಣಿಗೆ ಮಣ್ಣೆರಚಿದ್ದಾನೆ. ಸತ್ತೋನು ಮಾರೋ ಹಾಗಿಲ್ಲ. ಬಾಡಿಗೆಯೋನು ಇನ್ನೊಬ್ಬರ ತೋಟ ಮಾರೋ ಹಾಗಿಲ್ಲ. ತೋಟ ಪೌಲ್ಲಾಳದು."

ಜನ ಹೋ ಎಂದರು. ಪೌಲ್ಲಾ ಹೆಂಟೆಯ ಮೇಲೆ ಅಂಗೈ ಊರಿ ನಿಂತಳು.

ಸಿಕಿನಿಯಸ್ ಬೆವರಬೇಕಿತ್ತು. ಬೆವರಲಿಲ್ಲ. ಗದ್ದಲ ಇಳಿಯುವವರೆಗೆ ಕಾದು, "ಒಪ್ಪಿದೆ ಸ್ವಾಮಿ. ಕೇಸೋ ಬೆಳಕು ಹರಿಯೋಕೆ ಮುಂಚೇನೇ ಸತ್ತಿದ್ದ. ಜ್ವರದಲ್ಲಿ, ತನ್ನ ಹಾಸಿಗೇಲಿ," ಎಂದ.

ಅಧಿಕಾರಿ ಬಟ್ಟೆಯನ್ನು ಕೆನ್ನೆಯಿಂದ ತೆಗೆದ.

"ಲಾರ್ತಿಯಸ್, ನಾನು ತಕ್ಕಡಿ ಮುಂದೆ ಹೇಳಿದ ಮಾತಲ್ಲಿ ಕೇಸೋನಿಂದ ಕೊಂಡೆ ಅಂದ್ನಾ?"

ಲಾರ್ತಿಯಸ್ ತುಟಿ ಅಲ್ಲಾಡಿಸುತ್ತ ಆ ಮಾತುಗಳನ್ನು ಒಳಗೊಳಗೇ ಹೇಳಿಕೊಂಡ. "ಇಲ್ಲ. ಆ ಮಾತಲ್ಲಿ ಮಾರೋನ ಹೆಸರು ಬರೋದೇ ಇಲ್ಲ."

"ಬರೋದೇ ಇಲ್ಲ. ಒಡೆಯ ಎದುರಿಗೆ ಕೂತಿರ್ಬೇಕು, ಕಂಚು ಹಿಡೀಬೇಕು. ಅಷ್ಟೇ ಕಾನೂನು. ಒಡೆಯ ಕೂತಿದ್ದ, ಹಿಡಿದ. ಇನ್ನೇನು ಬೇಕು?" ಸಿಕಿನಿಯಸ್ ದುರೋನಿಯಾಳ ಕಡೆ ನೋಡಿ ಕೈಮುಗಿದಂತೆ ಮಾಡಿದ. "ಉಪಕಾರ ತಾಯಿ. ಕೇಸೋ ಆಗಲೇ ಸತ್ತಿದ್ದ ಅಂತ ನಾನು ಸಾಧಿಸಬೇಕಿತ್ತು. ನೀವೇ ಸಾಧಿಸಿಕೊಟ್ರಿ. ಅಪ್ಪನ ಉಸಿರು ನಿಂತ ಗಳಿಗೇಲೇ ಮಗ ಒಡೆಯ ಆಗ್ತಾನೆ."

"ಯಾವ ಮಗ?" ಎಂದ ಅಧಿಕಾರಿ.

ಸಿಕಿನಿಯಸ್ ಕೈ ತಟ್ಟಿದ. ಜನ ಸರಿದು ದಾರಿ ಕೊಟ್ಟರು.

ಬಂದವನು ಎಡಗಾಲು ಎಳೆಯುತ್ತಿದ್ದ. ತಲೆ ಬೋಳಿಸಿತ್ತು, ಒಂದು ಕಿವಿಯ ತುದಿ ಇರಲಿಲ್ಲ, ಮೈಯಲ್ಲಿ ಮೂಳೆ ಎಣಿಸಬಹುದಿತ್ತು. ಆದರೂ ಹಣೆ ಕೇಸೋನದು, ಆ ಮೂಗು ಕೇಸೋನದು. ದುರೋನಿಯಾಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಅವಳ ಮಡಿಲಲ್ಲಿ ಬೆಳೆದ ಮಾನಿಯಸ್. ಸತ್ತವನ ಕಣ್ಣು ಮುಚ್ಚಿದವನು ಯಾರೆಂದು ಗೊತ್ತಾಯಿತು. ಅಪ್ಪನ ಕಣ್ಣು ಮುಚ್ಚಿ, ನೆಲಕ್ಕಿಳಿಸಿ, ಅಪ್ಪನದೇ ಉಂಗುರ ತೊಟ್ಟು ಒಲೆಯ ಮುಂದೆ ಬಂದು ಕೂತಿದ್ದಾನೆ. ಅವಳಿಗೆ ಅರ್ಧ ಸಿಟ್ಟು, ಅರ್ಧ ಸಂತೋಷ.

"ಸಮುದ್ರದಾಚೆ ಸೆರೆಯಾಳುಗಳ ಸಂತೇಲಿ ಸಿಕ್ಕ ಸ್ವಾಮಿ. ನನ್ನ ಕೈಯಿಂದ ದುಡ್ಡು ಕೊಟ್ಟು ಬಿಡಿಸಿ ತಂದೆ. ಋಣ ತೀರೋವರೆಗೂ ನನ್ನ ಮಾತು ಮೀರೋ ಹಾಗಿಲ್ಲ, ಅದೂ ಕಾನೂನೇ. ಇನ್ನು ಪಾಲಾಗದ ಆಸ್ತಿ. ನಮ್ಮ ಹಿರೀಕರ ಪದ್ಧತೀಲಿ ಒಬ್ಬ ವಾರಸುದಾರ ಮಾರಿದ್ರೂ ಪೂರ್ತಿ ಮಾರಿದ ಹಾಗೆ. ತಂಗಿಯನ್ನ ಕೇಳ್ಬೇಕಾಗಿಲ್ಲ."

"ಹಂಗಿದ್ರೆ ಮುಸುಕು ಯಾಕೆ ಹಾಕಿಸಿದೆ?" ಎಂದ ಅಧಿಕಾರಿ.

"ಒಳಗೆ ಹೆಣ ಇದೆ ಅಂದಿದ್ರೆ ಈ ಲಾರ್ತಿಯಸ್ ತಕ್ಕಡಿ ಮುಟ್ತಿದ್ನಾ? ಸೂತಕಕ್ಕೆ ಒಂದು ಹಂದಿ ಬಲಿ ಕೊಡ್ತೀನಿ ಸ್ವಾಮಿ, ದೇವರ ಲೆಕ್ಕ ತೀರುತ್ತೆ. ತೋಟ ಕಾನೂನಿನ ಲೆಕ್ಕ."

 ಇಡೀ ಬೆಳಿಗ್ಗೆ ದುರೋನಿಯಾಳೇ ಕೂತು ಬಲೆ ನೇಯ್ದು, ಅವಳೇ ಅದರೊಳಗೆ ಕಾಲಿಟ್ಟಿದ್ದಳು. ಇಷ್ಟೇ ಅಲ್ಲ. ಅಣ್ಣ ಬದುಕಿದ್ದರೆ ಪೌಲ್ಲಾಳ ಪಾಲಕ ಅವನೇ. ಅವನು ಸಿಕಿನಿಯಸ್‌ನ ಮುಷ್ಟಿಯಲ್ಲಿ. ಹುಡುಗಿ ಯಾರನ್ನು ಮದುವೆಯಾಗಬೇಕು ಎನ್ನುವುದಕ್ಕೂ ಇನ್ನು ಸಿಕಿನಿಯಸ್ ಹೂಂ ಎನ್ನಬೇಕು.

ಅಧಿಕಾರಿ ಪೌಲ್ಲಾಳ ಕಡೆ ತಿರುಗಿದ. "ಹೇಳಮ್ಮಾ. ಇವನು ನಿನ್ನ ಅಣ್ಣ ಹೌದೋ?"

ಪೌಲ್ಲಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹೆಂಟೆಯ ಮೇಲಿದ್ದ ಅವಳ ಬೆರಳುಗಳು ಮಣ್ಣೊಳಗೆ ಇಳಿದವು.

"ನನ್ನ ಅಣ್ಣ ಹಿಸ್ಪಾನಿಯಾದಲ್ಲಿ ಸತ್ತ. ಅವನ ಗೋರಿಗೆ ಪ್ರತಿ ವರ್ಷ ಹೂ ಹಾಕಿ ಬರ್ತೀನಿ. ಇವನು ಯಾರೋ ನಂಗೊತ್ತಿಲ್ಲ."

ಧ್ವನಿ ಒಂದಿಷ್ಟೂ ಅಲುಗಲಿಲ್ಲ. ದುರೋನಿಯಾಗೆ ಮಾತ್ರ ಗೊತ್ತಾಯಿತು, ಈ ಹುಡುಗಿ ಹುಟ್ಟಿದಾಗಿನಿಂದ ಹೇಳಿದ ಮೊದಲ ದೊಡ್ಡ ಸುಳ್ಳು ಇದು.

ಸಿಕಿನಿಯಸ್ ನಕ್ಕ. "ಆಸ್ತಿಗಾಗಿ ಒಡಹುಟ್ಟಿದೋನನ್ನೇ ಅಲ್ಲಗಳೀತಿದ್ದಾಳೆ, ನೋಡಿ ಸ್ವಾಮಿ. ಮಾನಿಯಸ್, ಹೇಳಯ್ಯ, ನೀನು ಯಾರು?"

ಮಾನಿಯಸ್ ತಂಗಿಯ ಉಗುರಿನ ಮಣ್ಣನ್ನೇ ನೋಡುತ್ತಿದ್ದ. ತಲೆಯೆತ್ತಿದ.

"ಅವರು ಹೇಳಿದ್ದು ಸರಿ," ಎಂದ. "ನಾನು ಇವರ ಅಣ್ಣ ಅಲ್ಲ. ಈ ಯಜಮಾನ ಹೇಳಿಕೊಟ್ಟ ಹಾಗೆ ಕೂತಿದ್ದೆ, ಅಷ್ಟೇ."

ಸಿಕಿನಿಯಸ್‌ನ ನಗು ನಿಂತಿತು.  ತೋಟ ಉಳಿಯಿತು. ಮಾನಿಯಸ್ ಏನು ಕೊಟ್ಟು ಉಳಿಸಿದನೆಂದು ಅಲ್ಲಿದ್ದ ಮಕ್ಕಳಿಗೂ ಅರ್ಥವಾಯಿತು.

"ಹಾಗೋ," ಎಂದ ಸಿಕಿನಿಯಸ್. "ಮಾನಿಯಸ್ ಆಗಿದ್ರೆ ನೀನು ಪ್ರಜೆ, ನನ್ನ ಸಾಲಗಾರ. ಮಾನಿಯಸ್ ಅಲ್ಲ ಅಂದ್ರೆ ಸಂತೇಲಿ ಕೊಂಡ ಆಳು. ಸಾಯೋವರೆಗೆ ನನ್ನ ಗಾಣ ಎಳಿ." ಅವನ ತೋಳನ್ನು ಹಿಡಿದೆಳೆದು, ಹೆಂಟೆಗೆ ಮುಟ್ಟಿಸಿದ್ದ ಕೋಲನ್ನೇ ಅವನ ಬೋಳು ತಲೆಯ ಮೇಲಿಟ್ಟ. "ಈ ಮನುಷ್ಯ ನನ್ನವನು ಅಂತ ಹೇಳ್ತೀನಿ."

"ಎದುರು ಹೇಳೋರು ಯಾರಾದ್ರೂ ಇದ್ದೀರಾ?" ಅಧಿಕಾರಿ ಕೇಳಿದ. ಕೇಳಲೇಬೇಕಾದ ಮಾತು ಅದು. ಮನುಷ್ಯನ ಮೇಲೆ ಕೋಲು ಬಿದ್ದಾಗ ಇನ್ನೊಬ್ಬ ಪ್ರಜೆ ಬಂದು ಎದುರು ಕೋಲು ಇಡದಿದ್ದರೆ ಮನುಷ್ಯ ಹೋದ.

"ಲಾರ್ತಿಯಸ್," ಎಂದಳು ದುರೋನಿಯಾ, "ಪೌಲ್ಲಾಳ ಕೋಲು ತಗೋ."

ಲಾರ್ತಿಯಸ್ ಎರಡನೇ ಮಾತು ಕೇಳಲಿಲ್ಲ. ಕೋಲು ತಗೊಂಡು ಮಾನಿಯಸ್‌ನ ಹೆಗಲಿಗೆ ಇಟ್ಟ. "ಈ ಮನುಷ್ಯ ಸ್ವತಂತ್ರ ಅಂತ ಹೇಳ್ತೀನಿ."

"ಸ್ವತಂತ್ರ ಅಂದ್ರೆ ಅಪ್ಪ ಅಂತ ಒಬ್ಬ ಇರ್ಬೇಕಲ್ಲ," ಎಂದ ಅಧಿಕಾರಿ. "ಯಾರ ಮಗ?"

ಲಾರ್ತಿಯಸ್ ದುರೋನಿಯಾಳನ್ನು ನೋಡಿದ. ಚೌಕವೆಲ್ಲ ದುರೋನಿಯಾಳನ್ನು ನೋಡಿತು. ಕೇಸೋನ ಮಗ ಎಂದರೆ ತೋಟ ಹೋಯಿತು, ಹುಡುಗಿ ಹೋದಳು. ಗೊತ್ತಿಲ್ಲ ಎಂದರೆ ಹುಡುಗ ಗಾಣಕ್ಕೆ. ಬಾಯಲ್ಲಿ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ದಾರಿ ಇನ್ನೊಂದು ಇತ್ತು. ಆ ದಾರಿಯ ಬಾಗಿಲನ್ನು ಅವಳು ಇಷ್ಟು ವರ್ಷ ತನ್ನ ಮಗನಿಗೆಂದೇ ತೆರೆದಿಟ್ಟಿದ್ದಳು. ಯಾರು ಏನೇ ಅನ್ನಲಿ, ಬಂದಾಗ ಬಂದು ಕೂರಲೆಂದು ಅವನ ಹೆಸರನ್ನು ಕಾದಿಟ್ಟಿದ್ದಳು. ಈಗ ಆ ಹೆಸರನ್ನು ಬೇರೊಬ್ಬನಿಗೆ ತೊಡಿಸಿದರೆ, ನಿಜವಾದವನು ಒಂದು ದಿನ ಬಂದು ನಿಂತರೂ ಅವನನ್ನು ಮಗನೇ ಎನ್ನುವ ಹಾಗಿಲ್ಲ. ದುರೋನಿಯಾ ಒಂದು ಸಲ ಕಣ್ಣು ಮುಚ್ಚಿದಳು.

"ನನ್ನ ಮಗ," ಎಂದಳು. "ವೀಬಿಯಸ್. ನಾನು ಹೆತ್ತವನು. ಕ್ಯಾಸ್ಟರ್ ದೇವರ ಆಣೆ. ಹೆತ್ತವಳಿಗಿಂತ ಚೆನ್ನಾಗಿ ಗೊತ್ತಿರೋರು ಯಾರಾದ್ರೂ ಇದ್ರೆ ಮುಂದೆ ಬರ್ಲಿ."

ಯಾರೂ ಬರಲಿಲ್ಲ. ಮೀನಿನವಳು ಕಣ್ಣೊರೆಸಿಕೊಂಡಳು. ಊರಿನ ಅರ್ಧ ಜನಕ್ಕೆ ಅದು ಸುಳ್ಳೆಂದು ಗೊತ್ತಿತ್ತು, ಒಬ್ಬರೂ ತುಟಿ ಬಿಚ್ಚಲಿಲ್ಲ.

 "ತೋಟ ಪೌಲ್ಲಾಳದು. ಈ ಮನುಷ್ಯನ ವಿಷಯ ವಿಚಾರಣೆ ಆಗ್ಲಿ, ಅಲ್ಲೀವರೆಗೆ ಇವನು ಸ್ವತಂತ್ರ, ತಾಯಿ ಮನೇಲಿರ್ಲಿ," ಎಂದು ಅಧಿಕಾರಿ ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡ.

ಸಿಕಿನಿಯಸ್ ಜಗಳ ಮಾಡಲಿಲ್ಲ. ಕೂಗಾಡಲಿಲ್ಲ. ದುರೋನಿಯಾಳನ್ನು ನೋಡುತ್ತ ನಿಂತ. ಆಮೇಲೆ ಅವನ ಮುಖದ ಮೇಲೆ ಒಂದು ನಗು ಬಂತು. ಸೋತವನ ನಗು ಅದಾಗಿರಲಿಲ್ಲ. "ವೀಬಿಯಸ್," ಎಂದು ಆ ಹೆಸರನ್ನು ನಾಲಿಗೆಯ ಮೇಲೆ ಆಡಿಸಿ, ಆಳನ್ನು ಕರೆದು ಕಿವಿಯಲ್ಲಿ ಏನೋ ಹೇಳಿ, ಗಾಣದ ದಾರಿ ಹಿಡಿದು ಬಿರಬಿರನೆ ನಡೆದ.

ಮಾನಿಯಸ್ ಮೊಣಕಾಲೂರಿ ದುರೋನಿಯಾಳ ಪಾದ ಹಿಡಿದುಕೊಂಡಿದ್ದ. 

"ಏಳೋ. ಆಯ್ತಲ್ಲ, ಮನೆಗೆ ನಡಿ," ಎಂದಳು ಅವಳು.

"ಅತ್ತೆ, ಯಾಕೆ ಹಂಗಂದ್ಬಿಟ್ಟೆ?" ಅವನ ಪಿಸುಮಾತು ಅವಳೊಬ್ಬಳಿಗೇ ಕೇಳಿಸಿತು. "ವೀಬಿಯಸ್ ಸತ್ತಿಲ್ಲ, ಗಾಣದಲ್ಲಿದ್ದಾನೆ. ಸಿಕಿನಿಯಸ್ ನಮ್ಮಿಬ್ಬರನ್ನೂ ಒಟ್ಟಿಗೇ ಕೊಂಡು ತಂದ."